ಬೆಂಬಲ ತಪ್ಪಿದ ಕಾರ್ಯಾಚರಣ ತಂತ್ರಾಂಶ ಮತ್ತು ದೊಡ್ಡ ಹಾರ್ಡ್ ಡಿಸ್ಕುಗಳು: ಆಧಾರಸಾಮಗ್ರಿಯ ರಕ್ಷಣೆಯ ಒಂದು ಸಮಸ್ಯೆ

೧. ಪೀಠಿಕೆ

ಇತಿಹಾಸಕ್ಕೆ ಆಧಾರಗಳೇ ಜೀವಾಳ. ಶಾಸನ, ಓಲೆಗರಿ, ಕಡತ, ಬಖೈರು, ಸರಕಾರಿ ದಫ್ತರು ಮೊದಲಾದುವನ್ನು ಹುಡುಕಿ, ಓದಿ, ಅವುಗಳ ಪ್ರಾಮಾಣ್ಯವನ್ನು ಪರೀಕ್ಷಿಸುವುದು ಇತಿಹಾಸಕಾರನ ಮೊದಲ ಕರ್ತವ್ಯವೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಈಗ ಈ ಆಧಾರಗಳಲ್ಲಿ ಅನೇಕವು ಛಾಯಾಚಿತ್ರದ ರೂಪವನ್ನು ತಳೆದು ಗಣಕಯಂತ್ರದ ಹಾರ್ಡ್ ಡಿಸ್ಕುಗಳನ್ನು ಸೇರಿವೆ. ಕಲ್ಲು ಸವೆದು, ಗರಿ ಮುರಿದು ಹೋದ ಮೇಲೆ ಆ ಛಾಯಾಪ್ರತಿಯೇ ಮೂಲದ ಸ್ಥಾನದಲ್ಲಿ ನಿಲ್ಲುವ ಸಂದರ್ಭಗಳೂ ಉಂಟು. ಹೀಗಿರುವಲ್ಲಿ ಡಿಸ್ಕಿನ ಮೇಲೆ ಬರೆದುದು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬ ವಿಚಾರವನ್ನು ಯಂತ್ರಜ್ಞರಿಗೇ ಬಿಟ್ಟು ನಾವು ಸುಮ್ಮನಿರುವುದು ತರವಲ್ಲ.

ಆಪರೇಟಿಂಗ್ ಸಿಸ್ಟಂ ಎಂದು ರೂಢಿಯಲ್ಲಿರುವ ಕಾರ್ಯಾಚರಣ ತಂತ್ರಾಂಶವು ಹಳೆಯದಾಗಿ, ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕು ಹೊಸದೂ ದೊಡ್ಡದೂ ಆಗಿದ್ದಲ್ಲಿ ಉಂಟಾಗುವ ಅಪಾಯವನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಹಳೆಯ ತಂತ್ರಾಂಶವು ದೊಡ್ಡ ಡಿಸ್ಕನ್ನು ಕಂಡು 'ಇದು ನನ್ನಿಂದಾಗದು' ಎಂದು ನಿಂತರೆ ನಷ್ಟವಿಲ್ಲ. ಆಗದುದನ್ನು ಆಯಿತೆಂದು ತಿಳಿಸಿ, ಸದ್ದಿಲ್ಲದೆ ಹಿಂದಿನ ಬರಹದ ಮೇಲೆಯೇ ಹೊಸದನ್ನು ಬರೆಯುವುದರಲ್ಲಿ ನಷ್ಟವಿದೆ. ಈ ಮಾತಿನ ಸಮರ್ಥನೆಗೆ ಎಲ್ಲರಿಗೂ ಪರಿಚಿತವಾದ ವಿಂಡೋಸ್ ತಂತ್ರಾಂಶದ ನಿದರ್ಶನವನ್ನೇ ತೆಗೆದುಕೊಳ್ಳೋಣ.

೨. ಗಾತ್ರದ ಎಲ್ಲೆಗಳು

ಹಾರ್ಡ್ ಡಿಸ್ಕಿನ ಇತಿಹಾಸವು ೧೯೫೬ರಲ್ಲಿ ಪ್ರಾರಂಭವಾಗುತ್ತದೆ. ಆ ವರ್ಷ ಐ.ಬಿ.ಎಂ. ಸಂಸ್ಥೆಯು ಹೊರತಂದ ೩೫೦ ಎಂಬ ಸಂಗ್ರಹಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲವೂ ಕೂಡಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ೧೯೮೦ರಲ್ಲಿ ಸೀಗೇಟ್ ಸಂಸ್ಥೆಯ ಡಿಸ್ಕು ೫ ಮೆಗಾಬೈಟ್ ಗಾತ್ರದೊಡನೆ ಮೇಜಿನ ಗಣಕಕ್ಕೆ ಬಂದಿತು. ೨೦೦೧ರ ವೇಳೆಗೆ ಮ್ಯಾಕ್ಸ್‌ಟರ್ ಸಂಸ್ಥೆಯ ೧೬೦ ಗಿಗಾಬೈಟಿನ (ಮುಂದೆ ಜಿ.ಬಿ. ಎಂದು ಬರೆಯುತ್ತೇವೆ) ಡಿಸ್ಕೂ, ೨೦೧೦ರಲ್ಲಿ ೩,೦೦೦ ಜಿ.ಬಿ., ಎಂದರೆ ೩ ಟೆರಾಬೈಟಿನ ಡಿಸ್ಕೂ ಮಾರುಕಟ್ಟೆಗೆ ಬಂದುವು.

ಡಿಸ್ಕುಗಳು ಈ ವೇಗದಲ್ಲಿ ಬೆಳೆದುವು. ಅವುಗಳಿಗೆ ವಿಳಾಸ ಬರೆಯುವ ಪದ್ಧತಿಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಡಿಸ್ಕಿನ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ಖಂಡಗಳಾಗಿ ಭಾಗಿಸಿರುತ್ತಾರೆ. ಬಹುಕಾಲದಿಂದ ಒಂದು ಸೆಕ್ಟರ್ ಎಂದರೆ ೫೧೨ ಬೈಟ್. ಯಾವ ಸೆಕ್ಟರನ್ನು ಓದಬೇಕು, ಯಾವುದರಲ್ಲಿ ಬರೆಯಬೇಕು ಎಂಬುದನ್ನು ತಂತ್ರಾಂಶವು ಒಂದು ಸಂಖ್ಯೆಯ ಮೂಲಕ ಡಿಸ್ಕಿಗೆ ತಿಳಿಸುತ್ತದೆ. ಆ ಸಂಖ್ಯೆಗೆ ಎಷ್ಟು ಸ್ಥಾನಗಳನ್ನು ಮೀಸಲಿಟ್ಟಿದ್ದಾರೋ ಅಷ್ಟೇ ಅದರ ವ್ಯಾಪ್ತಿ. ಸ್ಥಾನಗಳನ್ನು ನಿಗದಿ ಮಾಡಿದವರು ತಮ್ಮ ಕಾಲದ ಡಿಸ್ಕುಗಳನ್ನು ನೋಡಿ ಮಿತವ್ಯಯದಿಂದ ನಡೆದುಕೊಂಡರು. ಅದರ ಫಲವಾಗಿ ೫೨ ಕೋಟಿ ೮೪ ಲಕ್ಷ ಬೈಟಿನಲ್ಲಿ ಒಂದು, ೮.೪ ಜಿ.ಬಿ.ಯಲ್ಲಿ ಇನ್ನೊಂದು, ಹೀಗೆ ಹಲವು ಎಲ್ಲೆಗಳು ಒಂದಾದ ಮೇಲೊಂದು ಎದುರಾದುವು.

ಇವುಗಳಲ್ಲಿ ನಮಗೆ ಇಲ್ಲಿ ಮುಖ್ಯವಾದುದು ೧೩೭ ಜಿ.ಬಿ.ಯ ಎಲ್ಲೆ. ಎ.ಟಿ.ಎ. ಎಂಬ ಜೋಡಣೆಯ ಪದ್ಧತಿಯಲ್ಲಿ ಸೆಕ್ಟರ್ ಸಂಖ್ಯೆಗೆ ೨೮ ದ್ವಿಮಾನ ಸ್ಥಾನಗಳಿದ್ದುವು. ಇಪ್ಪತ್ತೆಂಟು ಸ್ಥಾನಗಳಲ್ಲಿ ಬರೆಯಬಹುದಾದ ಸಂಖ್ಯೆಗಳು ಒಟ್ಟು ೨೬,೮೪,೩೫,೪೫೬. ಇದನ್ನು ೫೧೨ರಿಂದ ಗುಣಿಸಿದರೆ ೧೩,೭೪೩ ಕೋಟಿ ೮೯ ಲಕ್ಷ ೫೩ ಸಾವಿರದ ೪೭೨ ಬೈಟ್, ಎಂದರೆ ೧೩೭ ಜಿ.ಬಿ.ಗೆ ತುಸು ಮೇಲಾಗುತ್ತದೆ. ೨೦೦೨ರಲ್ಲಿ ಪ್ರಕಟವಾದ ಎ.ಟಿ.ಎ.-೬ ಎಂಬ ಮಾನಕವು ಈ ಸ್ಥಾನಗಳನ್ನು ೪೮ಕ್ಕೆ ಏರಿಸಿತು. ಅದರಿಂದ ವ್ಯಾಪ್ತಿಯು ೧೪ ಕೋಟಿ ಜಿ.ಬಿ.ಯನ್ನು ಮೀರಿತು. ಆದರೆ ಮಾನಕವು ಬದಲಾದ ಮಾತ್ರಕ್ಕೆ ಅದಕ್ಕೆ ಮುಂಚೆ ಬರೆದ ತಂತ್ರಾಂಶಗಳು ತಾವಾಗಿಯೇ ಬದಲಾಗುವುದಿಲ್ಲ. ೧೯೯೮ರ ವಿಂಡೋಸ್ ೯೮, ೨೦೦೦ದ ವಿಂಡೋಸ್ ಎಂ.ಇ. ಇವೆರಡಕ್ಕೂ ೪೮ ಸ್ಥಾನದ ವಿಳಾಸವು ತಿಳಿಯದು. ೨೦೦೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಮೊದಲ ಆವೃತ್ತಿಯಲ್ಲಿ ಈ ಸೌಕರ್ಯವು ಇರಲಿಲ್ಲ. ೨೦೦೨ರ ಸೆಪ್ಟೆಂಬರಿನ ಮೊದಲನೆಯ ಸರ್ವಿಸ್ ಪ್ಯಾಕ್ ಅದನ್ನು ಒದಗಿಸಿತು. ವಿಂಡೋಸ್ ೨೦೦೦ಕ್ಕೆ ಮೂರನೆಯ ಸರ್ವಿಸ್ ಪ್ಯಾಕನ್ನು ಹಾಕಿದುದಲ್ಲದೆ, ರಿಜಿಸ್ಟ್ರಿಯಲ್ಲಿ ಒಂದು ನಮೂದನ್ನೂ ಕೈಯಾರೆ ಸೇರಿಸಬೇಕಾಗಿತ್ತು.

೩. ಬರಹದ ಮೇಲೆ ಬರಹ

ಎಲ್ಲೆಯಾಚೆಯ ಸೆಕ್ಟರಿಗೆ ಬರೆಯಹೊರಟಾಗ ಏನಾಗುತ್ತದೆಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು.

ಒಂದು ದಫ್ತರಖಾನೆಯಲ್ಲಿ ೧,೨೦೦ ಗೂಡುಗಳಿವೆ ಎಂದು ಭಾವಿಸೋಣ. ಕಟ್ಟುಗಳನ್ನು ಇಡುವ, ತೆಗೆಯುವ ಅಪ್ಪಣೆಯನ್ನು ಚೀಟಿಯ ಮೂಲಕ ಕಳುಹಿಸುವ ಪದ್ಧತಿ. ಚೀಟಿಯಲ್ಲಿ ಗೂಡಿನ ಸಂಖ್ಯೆಗೆ ಮೂರೇ ಮನೆಗಳು. ೧೦೦೫ನೆಯ ಗೂಡಿನಲ್ಲಿ ಒಂದು ಕಟ್ಟನ್ನು ಇಡಬೇಕೆಂದು ಗುಮಾಸ್ತನು ಬರೆದರೆ ಮೊದಲ ಅಂಕೆಗೆ ಸ್ಥಳವಿಲ್ಲದೆ ಚೀಟಿಯಲ್ಲಿ ೦೦೫ ಎಂದಷ್ಟೇ ಉಳಿಯುತ್ತದೆ. ಜವಾನನು ಐದನೆಯ ಗೂಡಿಗೆ ಹೋಗಿ, ಅಲ್ಲಿದ್ದ ಹಳೆಯ ಕಟ್ಟನ್ನು ಎಸೆದು, ಹೊಸದನ್ನು ಇಟ್ಟು, 'ಇಟ್ಟಿದ್ದೇನೆ' ಎಂದು ವರದಿ ಮಾಡುತ್ತಾನೆ. ಅವನ ವರದಿಯಲ್ಲಿ ಸುಳ್ಳಿಲ್ಲ. ಇನ್ನೂ ವಿಪರೀತವಾದುದು ಮುಂದಿದೆ. ಮರುದಿನ ಗುಮಾಸ್ತನು ಪರೀಕ್ಷಾರ್ಥವಾಗಿ ೧೦೦೫ನೆಯ ಗೂಡಿನ ಕಟ್ಟನ್ನು ತರಿಸಿದರೆ ಆ ಚೀಟಿಯೂ ೦೦೫ ಎಂದೇ ಹೋಗುತ್ತದೆ, ಸರಿಯಾದ ಕಟ್ಟೇ ಬರುತ್ತದೆ. ಎಲ್ಲವೂ ಕ್ರಮವಾಗಿದೆ ಎಂದು ಗುಮಾಸ್ತನು ತೃಪ್ತನಾಗುತ್ತಾನೆ. ಐದನೆಯ ಗೂಡಿನ ಮೊದಲಿನ ಕಟ್ಟನ್ನು ಯಾರಾದರೂ ಕೇಳುವವರೆಗೆ ಅನಾಹುತವು ಬೆಳಕಿಗೆ ಬರುವುದಿಲ್ಲ.

ಹಳೆಯ ವಿಂಡೋಸಿನಲ್ಲಿ ನಡೆಯುವುದೂ ಇದೇ. ವಿಳಾಸದ ಮೇಲಿನ ಸ್ಥಾನಗಳು ಕಳಚಿಬಿದ್ದು, ೧೩೭ ಜಿ.ಬಿ.ಯಾಚೆಗೆ ಸೇರಬೇಕಾದ ಬರಹವು ಡಿಸ್ಕಿನ ಮೊದಲ ಭಾಗಕ್ಕೆ ಸುತ್ತಿಕೊಂಡು ಬಂದು ಬೀಳುತ್ತದೆ. ಆರಂಭದಿಂದ ೧೫೦ ಜಿ.ಬಿ. ದೂರದಲ್ಲಿ ಇರಬೇಕಾದ ಒಂದು ಚಿತ್ರವು ಸುಮಾರು ೧೨.೬ ಜಿ.ಬಿ. ದೂರದಲ್ಲಿ ಮೊದಲೇ ಇದ್ದ ಇನ್ನೊಂದು ಚಿತ್ರವನ್ನು ಅಳಿಸಿ ಅಲ್ಲಿ ಕುಳಿತುಕೊಳ್ಳುತ್ತದೆ. ಎಲ್ಲೆಯನ್ನು ದಾಟಿದೊಡನೆಯ ಸೆಕ್ಟರುಗಳ ಪಾಡು ಇನ್ನೂ ಕಷ್ಟದ್ದು. ಅವು ಬಂದು ಬೀಳುವುದು ಡಿಸ್ಕಿನ ವಿಭಾಗಗಳ ಪಟ್ಟಿ, ಫೈಲುಗಳ ಸ್ಥಾನಸೂಚಿ ಮೊದಲಾದುವು ಇರುವ ಮೊದಲ ಸೆಕ್ಟರುಗಳ ಮೇಲೆ. ಅವು ಕೆಟ್ಟರೆ ಡಿಸ್ಕೆಲ್ಲವೂ ಬರಿದಾದಂತೆ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈಗತಾನೆ ಬರೆದ ಫೈಲನ್ನು ತೆರೆದು ನೋಡುವ ವಾಡಿಕೆಯ ಪರೀಕ್ಷೆಯು ಈ ಸಂದರ್ಭದಲ್ಲಿ ನಿಷ್ಪ್ರಯೋಜಕ. ಹೊಸದು ಸರಿಯಾಗಿಯೇ ತೆರೆಯುತ್ತದೆ, ಕೆಟ್ಟಿರುವುದು ಹಳೆಯದು. ತಾಮ್ರಪಟಗಳಲ್ಲಿ ಮೊದಲಿನ ಬರಹವನ್ನು ತಟ್ಟಿ ಅಳಿಸಿ ಮತ್ತೊಂದನ್ನು ಕೊರೆದಿರುವ ನಿದರ್ಶನಗಳನ್ನು ಶಾಸನಾಭ್ಯಾಸಿಗಳು ಬಲ್ಲರು. ಅಲ್ಲಿ ಹಿಂದಿನ ಅಕ್ಷರಗಳ ಜಾಡು ಕೆಲವೊಮ್ಮೆ ಉಳಿದಿರುತ್ತದೆ, ಅದನ್ನು ಓದಿದ ವಿದ್ವಾಂಸರೂ ಉಂಟು. ಡಿಸ್ಕಿನ ಮೇಲೆ ಒಮ್ಮೆ ಮುಚ್ಚಿಹೋದ ಬರಹವನ್ನು ಲೋಕದಲ್ಲಿ ರೂಢಿಯಲ್ಲಿರುವ ಯಾವ ಉಪಾಯದಿಂದಲೂ ಮತ್ತೆ ಓದಲಾಗದು.

೪. ಅರ್ಧ ಹೊಸತಾದ ಯಂತ್ರ

ಯಂತ್ರವು ಹಳೆಯದಾದಷ್ಟೂ ಅಪಾಯವು ಹೆಚ್ಚೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಈ ವಿಷಯದಲ್ಲಿ ಅದು ಅಷ್ಟು ಸರಿಯಲ್ಲ. ಡಿಸ್ಕಿನ ವಿಳಾಸವು ಮೂವರ ಕೈಗಳನ್ನು ಹಾದುಹೋಗುತ್ತದೆ: ಮೊದಲನೆಯದು ಡಿಸ್ಕು, ಎರಡನೆಯದು ಗಣಕದ ಮೂಲಹಲಗೆಯಲ್ಲಿರುವ ಬಯೋಸ್ ಎಂಬ ಸ್ಥಿರ ತಂತ್ರಾಂಶ, ಮೂರನೆಯದು ಕಾರ್ಯಾಚರಣ ತಂತ್ರಾಂಶದೊಳಗಿನ ಡ್ರೈವರ್. ಎರಡನೆಯದೂ ಮೂರನೆಯದೂ ಹಳೆಯವಾಗಿದ್ದಲ್ಲಿ ೧೬೦ ಜಿ.ಬಿ. ಡಿಸ್ಕು ೧೩೭ ಜಿ.ಬಿ.ಯಷ್ಟೇ ಎಂದು ಕಾಣಿಸಿಕೊಳ್ಳುವುದು ಸಾಮಾನ್ಯ. ಕಾಣದ ಭಾಗವು ವ್ಯರ್ಥವಾದರೂ ಕಾಣುವ ಭಾಗಕ್ಕೆ ಧಕ್ಕೆಯಿಲ್ಲ. ಬಯೋಸ್ ಹೊಸದಾಗಿ, ಡ್ರೈವರ್ ಮಾತ್ರ ಹಳೆಯದಾಗಿದ್ದರೆ ಕಷ್ಟ. ಆಗ ಡಿಸ್ಕಿನ ಪೂರ್ಣ ಗಾತ್ರವನ್ನು ವಿಭಾಗಿಸಿ ಸಿದ್ಧಪಡಿಸಲು ಸಾಧ್ಯವಾಗುತ್ತದೆ, ವಿಂಡೋಸ್ ೯೮ ಪೂರ್ಣ ಗಾತ್ರವನ್ನೇ ತೋರಿಸುತ್ತದೆ. ಬರೆಯುವ ಹೊತ್ತಿಗೆ ಅದರ ಡ್ರೈವರ್ ೨೮ ಸ್ಥಾನದ ಚೀಟಿಯನ್ನೇ ಕಳುಹಿಸುತ್ತದೆ.

ಇದೇ ಬಗೆಯ ಅಪಾಯವು ಇನ್ನೂ ಎರಡು ಮಾರ್ಗಗಳಿಂದ ಬರುತ್ತದೆ. ಹೊಸ ಗಣಕದಲ್ಲಿ ಪೂರ್ಣ ಗಾತ್ರಕ್ಕೆ ವಿಭಾಗಿಸಿದ ಡಿಸ್ಕನ್ನು ಕಳಚಿ ಹಳೆಯ ಗಣಕಕ್ಕೆ ಜೋಡಿಸುವುದು ಒಂದು. ಕ್ರಮವಾಗಿ ನಡೆಯುತ್ತಿದ್ದ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ ೨೦೦೦ ಕೆಟ್ಟಾಗ, ಕಪಾಟಿನಲ್ಲಿದ್ದ ಮೊದಲ ಆವೃತ್ತಿಯ ಸಿ.ಡಿ.ಯಿಂದ ಅದನ್ನು ಮತ್ತೆ ಸ್ಥಾಪಿಸುವುದು ಇನ್ನೊಂದು. ಸರ್ವಿಸ್ ಪ್ಯಾಕಿನಿಂದ ಬಂದಿದ್ದ ಸಾಮರ್ಥ್ಯವು ಮರುಸ್ಥಾಪನೆಯಲ್ಲಿ ಹೊರಟುಹೋಗುತ್ತದೆ. ಡಿಸ್ಕಿನ ಗಾತ್ರವು ಮಾತ್ರ ಮೊದಲಿನಂತೆಯೇ ಇರುತ್ತದೆ. ರಿಪೇರಿಯೇ ಇಲ್ಲಿ ನಾಶಕ್ಕೆ ಕಾರಣವಾಗುತ್ತದೆ.

ರಿಪೇರಿಯ ಉಪಕರಣಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ವಿಂಡೋಸ್ ೯೮ರ ಎಫ್‌ಡಿಸ್ಕ್ ಎಂಬ ವಿಭಾಗಸಾಧನದ ಮೊದಲ ರೂಪವು ೬೪ ಜಿ.ಬಿ.ಗಿಂತ ದೊಡ್ಡ ಡಿಸ್ಕನ್ನು ಕಂಡರೆ ಅದರ ಗಾತ್ರದಿಂದ ೬೪ನ್ನು ಕಳೆದು ತೋರಿಸುತ್ತಿತ್ತು. ಇದು ಎದ್ದುಕಾಣುವ ದೋಷವಾದುದರಿಂದ ಮೈಕ್ರೋಸಾಫ್ಟ್ ಸಂಸ್ಥೆಯು ತಿದ್ದಿದ ಪ್ರತಿಯನ್ನು ಒದಗಿಸಿತು. ಅದೇ ತಂತ್ರಾಂಶದ ಸ್ಕ್ಯಾನ್‌ಡಿಸ್ಕ್ ಎಂಬ ಪರೀಕ್ಷಾಸಾಧನವು ದ್ವಿಮಾನ ಎಣಿಕೆಯ ಸುಮಾರು ೧೨೭ ಜಿ.ಬಿ.ಯನ್ನು ಮೀರಿದ ವಿಭಾಗವನ್ನು ಪರಿಶೀಲಿಸಲಾರದು. ರೋಗವನ್ನು ಗುರುತಿಸಬೇಕಾದ ವೈದ್ಯನಿಗೇ ದೃಷ್ಟಿ ಸಾಲದೆ ಹೋದರೆ ರೋಗಿಯ ಗತಿಯೇನು?

೫. ಎರಡು ಟೆರಾಬೈಟಿನಾಚೆ

ವಿಂಡೋಸ್ ೯೮ ಬಳಕೆ ತಪ್ಪಿದ ಮಾತ್ರಕ್ಕೆ ಸಮಸ್ಯೆಯು ಮುಗಿಯಲಿಲ್ಲ, ಮುಂದಿನ ಎಲ್ಲೆಗೆ ಸರಿಯಿತು. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ವಿಭಾಗಗಳ ಪಟ್ಟಿಯನ್ನು ಬರೆದಿಡುವ ಎಂ.ಬಿ.ಆರ್. ಪದ್ಧತಿಯು ೧೯೮೩ರಲ್ಲಿ ಡಾಸ್ ತಂತ್ರಾಂಶದ ಎರಡನೆಯ ಆವೃತ್ತಿಯೊಡನೆ ಬಂದಿತು. ಅದರಲ್ಲಿ ವಿಭಾಗದ ಆರಂಭಕ್ಕೂ ಉದ್ದಕ್ಕೂ ೩೨ ದ್ವಿಮಾನ ಸ್ಥಾನಗಳಿವೆ. ೫೧೨ ಬೈಟಿನ ಲೆಕ್ಕದಲ್ಲಿ ಇದರ ವ್ಯಾಪ್ತಿಯು ಸುಮಾರು ೨.೨ ಟೆರಾಬೈಟ್. ಇದನ್ನು ಮೀರಿದ ಡಿಸ್ಕುಗಳಿಗಾಗಿ ಜಿ.ಪಿ.ಟಿ. ಎಂಬ ಹೊಸ ಪಟ್ಟಿಯು ಬಳಕೆಗೆ ಬಂದಿದೆ. ಹೆಚ್ಚು ಪ್ರಚಾರದಲ್ಲಿದ್ದ ೩೨-ಬಿಟ್ ವಿಂಡೋಸ್ ಎಕ್ಸ್‌ಪಿಯು ಈ ಪಟ್ಟಿಯನ್ನು ಓದಲಾರದು.

ಯು.ಎಸ್.ಬಿ. ಪೆಟ್ಟಿಗೆಯೊಳಗಿಟ್ಟು ಜೋಡಿಸುವ ಡಿಸ್ಕುಗಳಲ್ಲಿ ಇನ್ನೊಬ್ಬ ಮಧ್ಯವರ್ತಿ ಇದ್ದಾನೆ. ಅವನು ಪೆಟ್ಟಿಗೆಯ ಸೇತುಚಿಪ್. ಹಳೆಯ ಚಿಪ್ಪಿನ ಪೆಟ್ಟಿಗೆಯಲ್ಲಿ ೩ ಟೆರಾಬೈಟಿನ ಡಿಸ್ಕನ್ನು ಇಟ್ಟರೆ ಅದು ೮೦೧ ಜಿ.ಬಿ., ವಿಂಡೋಸಿನ ದ್ವಿಮಾನ ಎಣಿಕೆಯಲ್ಲಿ ೭೪೬ ಜಿ.ಬಿ. ಎಂದು ತೋರುವುದುಂಟು. ಮೂರರಿಂದ ೨.೨ನ್ನು ಕಳೆದರೆ ಉಳಿಯುವುದು ಇದೇ. ಗಾತ್ರವು ಹೀಗೆ ಕುಗ್ಗಿ ಕಂಡಲ್ಲಿ ವಿಳಾಸವು ಸುತ್ತಿಕೊಳ್ಳುತ್ತಿದೆಯೆಂದು ತಿಳಿದು ಒಡನೆಯೇ ಡಿಸ್ಕನ್ನು ಬಿಡಿಸಬೇಕು.

ಅಪರಿಚಿತವಾದ ಪಟ್ಟಿಯನ್ನೋ ಫೈಲುವ್ಯವಸ್ಥೆಯನ್ನೋ ಕಂಡಾಗ ಹಳೆಯ ವಿಂಡೋಸ್ ಅದನ್ನು ಬರಿದಾದ ಡಿಸ್ಕೆಂದು ತಿಳಿಯುವುದೂ ಉಂಟು. 'ಈ ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೇ?' ಎಂದು ಅದು ಕೇಳುತ್ತದೆ. ಪ್ರಶ್ನೆಯು ವಿನಯದಿಂದ ಕೂಡಿದೆ. ಆದರೆ ಅವಸರದಲ್ಲಿ 'ಆಗಲಿ' ಎಂದ ಒಂದು ಒತ್ತು ವರ್ಷಗಳ ಸಂಗ್ರಹವನ್ನು ತೊಡೆದುಹಾಕಬಲ್ಲುದು. ಇಲ್ಲಿ ತಪ್ಪು ಮನುಷ್ಯನದೆಂದು ತೋರಿದರೂ ತಪ್ಪು ತಿಳಿವಳಿಕೆಯನ್ನು ಕೊಟ್ಟುದು ತಂತ್ರಾಂಶ.

೬. 'ಬೆಂಬಲ' ಎಂಬ ಮಾತಿನ ಎರಡು ಅರ್ಥಗಳು

ಬೆಂಬಲವಿಲ್ಲದ ತಂತ್ರಾಂಶ ಎಂಬ ಮಾತನ್ನು ಎರಡು ಅರ್ಥಗಳಲ್ಲಿ ಬಳಸುತ್ತಾರೆ, ಇವುಗಳನ್ನು ಬೆರೆಸಬಾರದು. ಒಂದು ನಿರ್ದಿಷ್ಟ ಯಂತ್ರಭಾಗವನ್ನು ನಡೆಸುವ ಸಾಮರ್ಥ್ಯವಿಲ್ಲದಿರುವುದು ಮೊದಲನೆಯ ಅರ್ಥ. ತಯಾರಕರು ತಿದ್ದುಪಡಿಗಳನ್ನು ನಿಲ್ಲಿಸಿರುವುದು ಎರಡನೆಯದು. ವಿಂಡೋಸ್ ೯೮ಕ್ಕೆ ಮತ್ತು ಎಂ.ಇ.ಗೆ ೨೦೦೬ರ ಜುಲೈ ೧೧ರಂದು, ವಿಂಡೋಸ್ ೨೦೦೦ಕ್ಕೆ ೨೦೧೦ರ ಜುಲೈ ೧೩ರಂದು, ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದು, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು ಈ ಎರಡನೆಯ ಬಗೆಯ ಬೆಂಬಲವು ಮುಗಿಯಿತು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ಮುಗಿದುದು ೨೦೨೫ರ ಅಕ್ಟೋಬರ್ ೧೪ರಂದು.

ವಿಂಡೋಸ್ ೧೦ ಇಂದಿನ ದೊಡ್ಡ ಡಿಸ್ಕುಗಳನ್ನು ನಡೆಸಲು ಸಮರ್ಥವಾದುದೇ; ಬೆಂಬಲವು ಮುಗಿದ ಮರುದಿನ ಆ ಸಾಮರ್ಥ್ಯವು ಹೋಗುವುದಿಲ್ಲ. ಆದರೆ ಮುಂದೆ ಕಂಡುಬರುವ ದೋಷಗಳಿಗೆ ಮದ್ದಿಲ್ಲ ಎಂಬುದು ನಿಜ. ೨೦೧೭ರ ಮೇ ತಿಂಗಳಲ್ಲಿ ಫೈಲುಗಳನ್ನು ಬೀಗಹಾಕಿ ಹಣ ಕೇಳುವ ವಾನಾಕ್ರೈ ಎಂಬ ಉಪದ್ರವವು ಹಬ್ಬಿದಾಗ, ಬೆಂಬಲ ಮುಗಿದು ಮೂರು ವರ್ಷಗಳಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಒಂದು ತಿದ್ದುಪಡಿಯನ್ನು ಹೊರಡಿಸಿತು. ಅದು ಅಪವಾದ, ನಿಯಮವಲ್ಲ. ಡಿಸ್ಕು ದೊಡ್ಡದಾದಷ್ಟೂ ಒಂದೇ ಆಪತ್ತಿನಲ್ಲಿ ಹೋಗುವ ಸಾಮಗ್ರಿಯೂ ಹೆಚ್ಚು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

೭. ಹಳೆಯದು ಏಕೆ ಉಳಿದಿದೆ?

ಇಷ್ಟು ತಿಳಿದ ಮೇಲೂ ಹಳೆಯ ಯಂತ್ರಗಳು ಏಕೆ ಉಳಿದಿವೆ ಎಂಬ ಶಂಕೆಯು ಏಳಬಹುದು. ಅದನ್ನು ಅಜ್ಞಾನ ಅಥವಾ ಜಿಪುಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೆಲೆಬಾಳುವ ಸ್ಕ್ಯಾನರಿಗೆ ಬೇಕಾದ ಡ್ರೈವರ್ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುವುದುಂಟು. ಕನ್ನಡದ ಮಟ್ಟಿಗೆ ಇನ್ನೊಂದು ವಿಶೇಷ ಕಾರಣವಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ಕನ್ನಡ ತಂತ್ರಾಂಶವೂ ತನ್ನದೇ ಆದ ಅಕ್ಷರಸಂಕೇತವನ್ನು ಅನುಸರಿಸುತ್ತಿತ್ತು. ಆ ಕಾಲದಲ್ಲಿ ಅಚ್ಚುಜೋಡಿಸಿದ ಗ್ರಂಥಗಳ, ಸಂಪಾದಿತ ಪಾಠಗಳ ಫೈಲುಗಳನ್ನು ಅದೇ ತಂತ್ರಾಂಶ, ಅದೇ ಅಕ್ಷರಮಾದರಿ ಇರುವ ಗಣಕದಲ್ಲಿ ಮಾತ್ರ ಸರಿಯಾಗಿ ಓದಬಹುದು. ಆದುದರಿಂದ ಹಳೆಯ ಗಣಕವನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಅದರ ಚಿಕ್ಕ ಡಿಸ್ಕು ತುಂಬಿದಾಗ ಅಂಗಡಿಯಿಂದ ದೊಡ್ಡದೊಂದನ್ನು ತಂದು ಯೋಚನೆಯಿಲ್ಲದೆ ಜೋಡಿಸುವುದು ತಪ್ಪು.

'ನಮ್ಮಲ್ಲಿ ಇದುವರೆಗೆ ಏನೂ ಆಗಿಲ್ಲ' ಎಂದು ಕೆಲವರು ಆಕ್ಷೇಪಿಸಬಹುದು. ೧೩೭ ಜಿ.ಬಿ. ತುಂಬುವವರೆಗೆ ಏನೂ ಆಗದಿರುವುದು ಸಹಜವೇ. ಹಲವು ವರ್ಷಗಳ ನಿರಾತಂಕವು ಇಲ್ಲಿ ಕ್ಷೇಮಕ್ಕೆ ಸಾಕ್ಷಿಯಲ್ಲ. ಎಲ್ಲೆಯನ್ನು ಇನ್ನೂ ಮುಟ್ಟಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ.

೮. ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಹಳೆಯ ಗಣಕಕ್ಕೆ ಅದರ ಎಲ್ಲೆಯೊಳಗಿನ ಡಿಸ್ಕನ್ನೇ ಇಟ್ಟು, ಅಂತರಜಾಲದ ಸಂಪರ್ಕವನ್ನು ತಪ್ಪಿಸಿ, ಅದನ್ನು ಸ್ಕ್ಯಾನ್ ಮಾಡುವ ಅಥವಾ ಹಳೆಯ ಫೈಲು ತೆರೆಯುವ ಕೆಲಸಕ್ಕೆ ಮೀಸಲಿಡಬೇಕು. ಸಂಗ್ರಹದ ಕೆಲಸವು ಹೊಸ ಗಣಕದ್ದು. ದೊಡ್ಡ ಡಿಸ್ಕಿನಲ್ಲಿ ಮೊದಲ ವಿಭಾಗವನ್ನು ಚಿಕ್ಕದಾಗಿ ಮಾಡಿದರೆ ಸಾಕೆಂಬ ಭಾವನೆ ಸರಿಯಲ್ಲ. ಎಲ್ಲೆಯಾಚೆ ಮತ್ತೊಂದು ವಿಭಾಗವಿದ್ದು ಅದರಲ್ಲಿ ಬರೆದರೆ ಅಳಿಯುವುದು ಮೊದಲ ವಿಭಾಗವೇ. ಉತ್ಸಾಹಿಗಳು ಸಿದ್ಧಪಡಿಸಿದ ತಿದ್ದುಪಡಿಗಳು ವಿಂಡೋಸ್ ೯೮ಕ್ಕೂ ದೊರೆಯುತ್ತವೆ. ಮತ್ತೆ ದೊರೆಯಲಾರದ ಸಾಮಗ್ರಿಯನ್ನು ಅವುಗಳ ಮೇಲೆ ಪಣವೊಡ್ಡುವುದು ಉಚಿತವಲ್ಲ.

ಎರಡನೆಯದಾಗಿ, ಪ್ರತಿಯೊಂದು ಫೈಲಿಗೂ ಚೆಕ್‌ಸಮ್ ಎಂಬ ಮುದ್ರಾಸಂಖ್ಯೆಯನ್ನು ಲೆಕ್ಕಹಾಕಿ ಬೇರೆಡೆ ಬರೆದಿಟ್ಟು, ಕಾಲಕಾಲಕ್ಕೆ ಹೋಲಿಸಿ ನೋಡಬೇಕು. ಒಂದು ಅಕ್ಷರವು ಬದಲಾದರೂ ಈ ಸಂಖ್ಯೆಯು ಬದಲಾಗುತ್ತದೆ. ಹೋಲಿಕೆಯು ಹೊಸ ಫೈಲುಗಳಿಗೆ ಮಾತ್ರವಲ್ಲದೆ ಎಲ್ಲಕ್ಕಿಂತ ಹಳೆಯವುಗಳಿಗೂ ನಡೆಯಬೇಕೆಂಬುದು ಮೇಲಿನ ವಿವರಣೆಯಿಂದ ಸ್ಪಷ್ಟವಾಗಿದೆ. ಇದರೊಡನೆ ಪ್ರತ್ಯೇಕ ಡಿಸ್ಕುಗಳಲ್ಲಿ ಎರಡಾದರೂ ಪ್ರತಿಗಳಿದ್ದು, ಒಂದು ಬೇರೆ ಕಟ್ಟಡದಲ್ಲಿರಬೇಕು.

ಮೂರನೆಯದಾಗಿ, ಹಾನಿಯಾಗಿದೆಯೆಂದು ಸಂಶಯ ಬಂದರೆ ಮಾಡಬೇಕಾದ ಮೊದಲ ಕೆಲಸವೆಂದರೆ ಬರೆಯುವುದನ್ನು ನಿಲ್ಲಿಸುವುದು. ಗಣಕವನ್ನು ಆರಿಸಬೇಕು, ಸ್ಕ್ಯಾನ್‌ಡಿಸ್ಕನ್ನಾಗಲಿ ಚೆಕ್‌ಡಿಸ್ಕನ್ನಾಗಲಿ ನಡೆಸಬಾರದು, ಏಕೆಂದರೆ ಅವೂ ತಮ್ಮ ತಿಳಿವಳಿಕೆಗೆ ತಕ್ಕಂತೆ 'ತಿದ್ದಿ' ಬರೆಯುತ್ತವೆ. ಡಿಸ್ಕನ್ನು ಕಳಚಿ, ದೊಡ್ಡ ವಿಳಾಸಗಳನ್ನು ಬಲ್ಲ ಹೊಸ ಗಣಕದಲ್ಲಿ ಓದಲು ಮಾತ್ರ ಜೋಡಿಸಿ, ಸೆಕ್ಟರ್ ಸೆಕ್ಟರಾಗಿ ಪೂರ್ಣ ಪ್ರತಿಯನ್ನು ತೆಗೆದು, ಶೋಧನೆಯನ್ನು ಆ ಪ್ರತಿಯ ಮೇಲೆ ನಡೆಸಬೇಕು. ಶಿಥಿಲವಾದ ಓಲೆಯನ್ನು ನಾವು ಹೇಗೆ ಮುಟ್ಟುತ್ತೇವೆಯೋ ಇದನ್ನೂ ಹಾಗೆಯೇ ಮುಟ್ಟಬೇಕು.

ಕೊನೆಯದಾಗಿ, ಹಳೆಯ ಸಂಕೇತದ ಕನ್ನಡ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದಿ ಇಡುವ ಕೆಲಸವನ್ನು ವಿಭಾಗಗಳು ಕೈಗೊಳ್ಳುವುದು ಅವಶ್ಯ. ಇದು ಮುಗಿದಷ್ಟೂ ಹಳೆಯ ಗಣಕದ ಅವಲಂಬನೆ ತಗ್ಗುತ್ತದೆ. ಶಾಸನಪಾಠಗಳನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವೂ ಬೇರೊಂದಿಲ್ಲ.

ಆಧಾರವೊಂದನ್ನು ಕಂಡಾಗ ಅದು ಯಾರ ಕೈಯಿಂದ ಬಂದಿತು, ಯಾವ ಪ್ರತಿಯಿಂದ ಇಳಿದುಬಂದಿತು, ನಡುವೆ ಏನು ಸೇರಿತು, ಏನು ಬಿಟ್ಟುಹೋಯಿತು ಎಂದು ನಾವು ವಿಚಾರಿಸುತ್ತೇವೆ. ಛಾಯಾಪ್ರತಿಯ ವಿಷಯದಲ್ಲಿಯೂ ಅದು ಯಾವ ಡಿಸ್ಕಿನಲ್ಲಿ ಇತ್ತು, ಯಾವ ತಂತ್ರಾಂಶದ ಮೂಲಕ ಬರೆಯಲ್ಪಟ್ಟಿತು ಎಂಬ ವಿವರವನ್ನು ಸಂಗ್ರಹದ ದಾಖಲೆಪುಸ್ತಕದಲ್ಲಿ ನಮೂದಿಸುವುದು ಇನ್ನು ಮುಂದೆ ನಮ್ಮ ಶಿಸ್ತಿನ ಭಾಗವಾಗಬೇಕಾಗಿದೆ.